ಅನಾಮತ್ತು ಖಾತೆ

ಮೇ ತಿಂಗಳಲ್ಲಿ ಹನ್ನೊಂದು ರೂಪಾಯಿ ಕಾಣೆಯಾಯಿತು.
ಕೋಡಿಬಾಗದ ಬಾಡಿಗೆ ಕೋಣೆಯ ನೆಲಕ್ಕೆ ಚಿಲ್ಲರೆ ಸುರುವಿ
ಎರಡು ಸಲ ನಾನು ಎಣಿಸಿದೆ, ಮೂರನೆಯ ಸಲ ಜೂಲಿಯಾನಾ.
ಆಮೇಲೆ ಇಬ್ಬರೂ ಮಂಚದಡಿಗೆ ಟಾರ್ಚು ಬಿಟ್ಟೆವು.
ಸಿಕ್ಕಿದ್ದು ಒಂದು ಹೇರ್‌ಪಿನ್ನು,
ಹೋದ ವರ್ಷದ ಹಾಲ್‌ಟಿಕೆಟ್ಟು.

ಬಿ.ಕಾಂ. ಎರಡನೆಯ ವರ್ಷ, ಲೆಕ್ಕಶಾಸ್ತ್ರದಲ್ಲಿ ಎಂಬತ್ತಾರು.
ಇಲ್ಲದ ಕಂಪನಿಗಳ ಲಕ್ಷಗಟ್ಟಲೆ ಸರಕು
ನನ್ನ ಪೆನ್ನಿನ ತುದಿಯಲ್ಲಿ ಪೈಸೆಗೆ ಪೈಸೆ ಕೂಡುತ್ತದೆ.
ನನ್ನ ಬೋರ್ನ್‌ವಿಟಾ ಡಬ್ಬಿ ಮಾತ್ರ ಕೂಡುವುದಿಲ್ಲ.

'ತಾಳೆಪಟ್ಟಿ ತಾಳೆಯಾಗದಿದ್ದರೆ ಗಾಬರಿ ಬೀಳಬೇಡಿ,'
ಅಂದಿದ್ದರು ವೆರ್ಣೇಕರ್ ಸರ್, ಬೆರಳಿನ ಸುಣ್ಣ ಊದುತ್ತ,
'ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿ ಮುಂದೆ ನಡೆಯಿರಿ.
ತಪ್ಪು ಒಂದಿನ ತಾನೇ ಎದ್ದು ಬರುತ್ತದೆ.'
ಹಾಕಿದೆ. ಹನ್ನೊಂದು.

ನನ್ನ ಪುಸ್ತಕ ನೋಡಿದರೆ ನಗುತ್ತೀರಿ.
ಬಾಡಿಗೆ ನನ್ನ ಪಾಲು ಸಾವಿರದ ಇನ್ನೂರು,
ಕಲ್ಗುಟಕರ್ ಬಾಯಿಗೆ ಐದನೇ ತಾರೀಖು ದಾಟಬಾರದು.
ಬೆಳಗಾಗೆ ಪೋಂ ಪೋಂ ಎನ್ನುತ್ತ ಬರುವ ಸೈಕಲ್ಲಿನ ಪಾವು,
ನಿನ್ನೆಯದಾದರೆ ಒಂದು ರೂಪಾಯಿ ಕಡಿಮೆ;
ನಿನ್ನೆಯದನ್ನು ಚಹಾದಲ್ಲಿ ಅದ್ದಿದರೆ ಇವತ್ತಿನದೇ.
ಜೆರಾಕ್ಸು ಪುಟಕ್ಕೆ ಎರಡು, ಹಾಗಾಗಿ ಕೈಯಲ್ಲೇ ಬರೆದುಕೊಳ್ಳುತ್ತೇನೆ,
ಬೆರಳಿನ ಗಂಟಿಗೆ ಇನ್ನೂ ಯಾರೂ ದರ ಕಟ್ಟಿಲ್ಲ.
ಪ್ಯಾಡಿಗೆ ಮೊದಲೆಲ್ಲ 'ಔಷಧಿ' ಅಂತ ಬರೆಯುತ್ತಿದ್ದೆ,
ಅಣ್ಣ ಪುಸ್ತಕ ತೆರೆದುಬಿಟ್ಟರೆ ಎಂದು.
ಈಗ ಪ್ಯಾಡು ಅಂತಲೇ ಬರೆಯುತ್ತೇನೆ. ತೆರೆಯಲಿ.

ಬಸ್ಸು: ಸೊನ್ನೆ.
ಕಂಡಕ್ಟರು ಹರಿದುಕೊಟ್ಟ ಸೊನ್ನೆಯ ಚೀಟಿಗಳೆಲ್ಲ
ಕೊನೆಯ ಪುಟಕ್ಕೆ ಅಂಟಿಸಿಟ್ಟಿದ್ದೇನೆ.
ಖರ್ಚಾಗದೆ ಉಳಿದ ದುಡ್ಡಿಗೂ ಒಂದು ರಸೀದಿ ಬೇಡವೇ?

ವಿದ್ಯಾರ್ಥಿವೇತನ 'ಪರಿಶೀಲನೆಯಲ್ಲಿದೆ'.
ನವೆಂಬರಿನಿಂದ ಪರಿಶೀಲಿಸುತ್ತಿದ್ದಾರೆ.
ಅಷ್ಟು ಹೊತ್ತು ನೋಡಲು ನನ್ನಲ್ಲೇನಿದೆ?

ಜೂನ್ ಒಂದಕ್ಕೆ ಬಂದರು ಕದ ಹಾಕಿತು.
ಬೈತಖೋಲದಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತವು.
ಅರವತ್ತೊಂದು ದಿನ ಮೀನಿಗೆ ರಜೆ.
ಅಪ್ಪನಿಗೂ ರಜೆ ಅನ್ನಲು ನಾಲಿಗೆ ಹೊರಳುವುದಿಲ್ಲ.
ರಾತ್ರಿ ಫೋನು:
'ಬಲೆ ಹೊಲೀತಾ ಇದ್ದೆ, ಸಾಹುಕಾರ್ರು ದಿನಾ ಕೂಲಿ ಕೊಡ್ತ್ರು, ನೀ ಚಿಂತೆ ಮಾಡ್ಬೇಡ.'
'ನನ್ಹತ್ರ ಸಾಕಷ್ಟಿದೆ ಅಪ್ಪ, ಈ ತಿಂಗಳು ಕಳಿಸೋದೇ ಬೇಡ.'
ಆ ಕಡೆ ಒಂದು ಸುಳ್ಳು, ಈ ಕಡೆ ಒಂದು ಸುಳ್ಳು.
ನನ್ನ ಪುಸ್ತಕದಲ್ಲಿ ಮೊದಲ ಸಲ
ಎರಡೂ ಬದಿ ಸರಿಯಾಗಿ ತಾಳೆಯಾಯಿತು.

ಪರೀಕ್ಷೆ ಶುಲ್ಕಕ್ಕೆ ಜುಲೈ ಹದಿನೆಂಟು ಕಡೇ ದಿನ, ಆಮೇಲೆ ದಂಡ.
ಹದಿನೇಳರ ರಾತ್ರಿ ನನಗೆ ನೂರಾ ನಲವತ್ತು ಕಮ್ಮಿ.
ಪುಸ್ತಕದ ಪ್ರಕಾರ. ಡಬ್ಬಿ ಬೋರಲು ಹಾಕಿದರೆ
ನೂರೈವತ್ತು ಹೆಚ್ಚು.
ಮತ್ತೆ ಎಣಿಸಿದೆ. ಆಗಲೂ ಹೆಚ್ಚು.

ಕಳೆದದ್ದನ್ನು ಹುಡುಕುವುದು ಗೊತ್ತು ನನಗೆ.
ಬಂದದ್ದನ್ನು ಹುಡುಕುವುದು ಹೇಗೆ?
ಜೂಲಿಯಾನಾ ಬೆನ್ನು ಹಾಕಿ ಮೊಟ್ಟೆ ಒಡೆಯುತ್ತಿದ್ದಳು.
ಅವಳಿಗೆ ಹಳಿಯಾಳದಿಂದ ಬರುವುದು ನನ್ನಷ್ಟೂ ಇಲ್ಲ.
ಬಾಟನಿ ಹುಡುಗರ ರೆಕಾರ್ಡಿಗೆ ಚಿತ್ರ ಬರೆದು ಕೊಡುತ್ತಾಳೆ,
ಒಂದಕ್ಕೆ ಹದಿನೈದು.
ನಾಲ್ಕು ರಾತ್ರಿಯಿಂದ ದೀಪ ಆರಿಸಿರಲಿಲ್ಲ ಅವಳು,
ಬೆರಳ ತುದಿಯೆಲ್ಲ ಪೆನ್ಸಿಲ್ಲಿನ ಹಸಿರು.
ಹದಿನೈದ್ಹತ್ತಲೆ ನೂರೈವತ್ತು.
ಮಗ್ಗಿಗೆ ಪುಸ್ತಕ ಬೇಕಾಗಿಲ್ಲ.

'ಲೆಕ್ಕ ತಾಳೆಯಾಗ್ತಾ ಇಲ್ಲ ಕಣೆ,' ಅಂದೆ.
ತಿರುಗಲಿಲ್ಲ. 'ನೀನೇ ಎಲ್ಲೋ ತಪ್ಪಿರ್ತೀ,' ಅಂದಳು,
'ಉಪ್ಪು ಕೊಡು ಇಲ್ಲಿ.'
ಲೆಕ್ಕಶಾಸ್ತ್ರದಲ್ಲಿ ಎಂಬತ್ತಾರು ಬಂದವಳು ನಾನು.
'ಇರಬಹುದು,' ಅಂದೆ. ಉಪ್ಪು ಕೊಟ್ಟೆ.

ಅನಾಮತ್ತು ಖಾತೆ, ಜಮಾ ಬದಿ, ನೂರೈವತ್ತು.
ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಅಳಿಸುವುದಕ್ಕಲ್ಲ,
ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಅವಳ ಹಸಿರು ಪೆನ್ಸಿಲ್ಲು.

ಮೇ ತಿಂಗಳ ಹನ್ನೊಂದು
ಇನ್ನೂ ಸಿಕ್ಕಿಲ್ಲ.