ಒಪ್ಪಿಗೆ ಪತ್ರ: ಕನ್ನಡ ಆವೃತ್ತಿ ಒಂದು

ಅರಬಿಯಲ್ಲಿತ್ತು, ಹಿಂದಿಯಲ್ಲಿತ್ತು,
ಬಂಗಾಳಿ, ಮಲಯಾಳಂ, ನೇಪಾಳಿಯಲ್ಲೂ ಇತ್ತು.
ನಲವತ್ತೇಳನೆಯವನು ಬಂದು ಕೂತು
ಐದನ್ನೂ ತಿರುವಿ ನೋಡಿ, ಮಡಚಿಟ್ಟು,
"ನಮ್ದು ಇಲ್ಲೇನ್ರಿ ಯವ್ವಾ?" ಅಂದ.

ಸಾಬಣ್ಣ. ಸುರಪುರದ ಕಡೆಯವನು. ವೆಲ್ಡರ್.
ಸಿತ್ರಾದ ರಿಫೈನರಿಯಲ್ಲಿ ಹದಿನಾರು ವರ್ಷ
ಕಿಡಿಗೆ ಮುಖ ಕೊಟ್ಟು ಕೂತವನು.
ಬಲಗಣ್ಣಿನಲ್ಲಿ, ಮೂಗಿನ ಬದಿಯಿಂದ
ಕಪ್ಪುಗುಡ್ಡೆಯ ಮೇಲೆ ತೆವಳುತ್ತಿತ್ತು
ಗುಲಾಬಿ ಬಣ್ಣದ ಚೂರು ಮಾಂಸ.
ಅರಬರು ಅದನ್ನು ಉಗುರು ಅನ್ನುತ್ತಾರೆ,
ನಮ್ಮ ಪಠ್ಯಪುಸ್ತಕ ರೆಕ್ಕೆ ಅನ್ನುತ್ತದೆ,
ಅವನು "ದುರ್ಮಾಂಸರಿ" ಅಂದ, ಊರಿನ ಕಂಪೌಂಡರ್ ಹೇಳಿದ್ದಂತೆ.
ಅಂಥ ನೂರಿಪ್ಪತ್ತು ಕಣ್ಣುಗಳನ್ನು
ಎಣಿಸಲು ಕೂತಿದ್ದೆವು ನಾವು.

"ನಿನ್ನ ಭಾಷೆಯಲ್ಲಿ ನೀನೇ ಬರೆ," ಅಂದರು ಡಾಕ್ಟರ್ ಬದ್ರಿಯಾ.
ನನ್ನ ಭಾಷೆ! ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು,
ಕನ್ನಡವೆಂದರೆ ಕಿನ್ನಿಗೋಳಿಯ ಶಾಲೆಯಲ್ಲಿ
ಸಿಸ್ಟರ್ ಹಿಲ್ಡಾ ಬೆರಳಗಂಟಿಗೆ ಅಡಿಕೋಲಿಟ್ಟು ಕಲಿಸಿದ್ದು.
ಮುಹರಕ್‌ನ ಕೋಣೆಯಲ್ಲಿ, ಏಸಿಯ ಗೊರಗೊರದ ಕೆಳಗೆ,
ಕೂತೆ.

ಅಪಾಯ ಸುಲಭವಾಗಿ ಬಂತು. ಲಾಭಕ್ಕೆ ತಿಣುಕಿದೆ.
ಯಾರಿಗೆ ಮದ್ದಿನ ಹನಿ, ಯಾರಿಗೆ ಬರೀ ಉಪ್ಪುನೀರು
ಎಂದು ಕಂಪ್ಯೂಟರ್ ಆರಿಸುವುದಕ್ಕೆ
'ಯಾದೃಚ್ಛಿಕ' ಎಂದು ಬರೆದು
ನನಗೇ ನಾಲಿಗೆ ಹೊರಳದೆ ಹೊಡೆದುಹಾಕಿ
'ಚೀಟಿ ಎತ್ತಿದ ಹಾಗೆ' ಎಂದೆ.
ಮುಂದಿನ ಸಾಲಲ್ಲಿ ಸಿಕ್ಕಿಬಿದ್ದೆ.
ರೋಗಿಗೂ ಗೊತ್ತಿರಬಾರದು, ವೈದ್ಯರಿಗೂ ಗೊತ್ತಿರಬಾರದು,
ಅದಕ್ಕೆ ಅವರಿಟ್ಟ ಹೆಸರು, ಇಬ್ಬರೂ ಕುರುಡರು.
ಕಣ್ಣಾಸ್ಪತ್ರೆಯ ಕಾಗದದ ಮೇಲೆ
ಹೇಗೆ ಬರೆಯುವುದು ಮಾರಾಯ್ರೆ ಅದನ್ನು?

ಬರೆದೆ. ಸಮಿತಿಯ ಮೊಹರಿಗೆ ಮೂರು ವಾರ.
ಅವನು ಬೆರಳಿಟ್ಟು ಓದುತ್ತ ಬಂದು
ಅಲ್ಲಿ ನಿಂತ, ಹೊಟ್ಟೆ ಹಿಡಿದು ನಕ್ಕ.
"ನಾ ಕುರುಡ ಅಂದ್ರ ಸರಿ. ಡಾಕ್ಟರೂ ಏನ್ರಿ?
ಮತ್ತ ದಾರಿ ತೋರಸೋರು ಯಾರು?"
ನನಗೂ ಗೊತ್ತಿಲ್ಲ ಎಂದೆ.
ನಾನು ಮೂರನೆಯ ಕುರುಡಿ.
ಏಳನೇತ್ತೆ ನಪಾಸಾದವನು, ಸಹಿ ಹಾಕುವ ಮೊದಲು
ನಾನು 'ದೃಷ್ಠಿ' ಎಂದು ಬರೆದದ್ದರ
ಒತ್ತನ್ನು ತಿದ್ದಿಕೊಟ್ಟ.

ಕತ್ತರಿಸಿದ್ದು ಅಕ್ಕಿಕಾಳಿನಷ್ಟು. ಲ್ಯಾಬಿಗೆ ಹೋಯಿತು.
ಹನ್ನೊಂದನೆಯ ದಿನ ಬಂತು ವರದಿ.
ರೆಕ್ಕೆಯಲ್ಲ, ಉಗುರೂ ಅಲ್ಲ.
ಗಡ್ಡೆ. ಮೇಲ್ಪದರವನ್ನಿನ್ನೂ ದಾಟದ್ದು.
ಡಾಕ್ಟರ್ ಬದ್ರಿಯಾ ಎರಡು ಸಲ ಓದಿದರು,
ಕನ್ನಡಕ ತೆಗೆದು ಇನ್ನೊಮ್ಮೆ.
ನಿಯಮದ ಪುಸ್ತಕ, ಪುಟ ಒಂಬತ್ತು,
ಗಡ್ಡೆಯಿರುವವರು ಅಧ್ಯಯನಕ್ಕೆ ಸಲ್ಲರು.
'ಹೊರಗಿಡಲಾಗಿದೆ' ಎಂದು ನಾನೇ ಟೈಪು ಮಾಡಿದೆ.
ಕಾರಣದ ಚೌಕದಲ್ಲಿ ಒಂದು ಅಂಕಿ, ಮೂರು.

"ಈಗ ಚೀಟಿ ಎತ್ತೂದಿಲ್ಲೇನು?"
ಇಲ್ಲ. ಸೀದಾ ಮದ್ದು. ಎಲ್ಲರಿಗೂ ಗೊತ್ತಿರುವ ಮದ್ದು.
"ಹಂಗಾದ್ರ ಚಲೋ ಆತು ಬಿಡ್ರಿ," ಅಂದ.
ಮಡಿಲಲ್ಲಿಟ್ಟ ಹೆಲ್ಮೆಟ್ಟನ್ನು ಮಾತ್ರ
ಕೈ ತಿರುಗಿಸುತ್ತಲೇ ಇತ್ತು.

ದಿನಕ್ಕೆ ನಾಲ್ಕು ಹನಿ. ತಂಪಿನಲ್ಲಿಡಬೇಕು.
ಕ್ಯಾಂಪಿನ ಕೋಣೆಯಲ್ಲಿ ಎಂಟು ಮಂಚ, ಒಂದೇ ಫ್ರಿಜ್ಜು,
ಯಾರದೋ ಹಾಮೂರ್ ಮೀನು, ಯಾರದೋ ಲಬನ್,
ಮೊನ್ನೆಯ ಬಿರಿಯಾನಿ. ನಡುವೆ ಬೆರಳುದ್ದದ ಬಾಟಲಿ.
"ಮುಟ್ಟಬ್ಯಾಡ್ರಿ" ಅಂತ ಬರೆದನಂತೆ, ಓದುವವರಿಲ್ಲ.
ಬಿಳಿಪಟ್ಟಿ ಅಂಟಿಸಿ ಒಂದು ಕಣ್ಣು ಬಿಡಿಸಿದ, ರೆಪ್ಪೆ ಸಮೇತ.
ನಾಲ್ಕು ತಿಂಗಳು, ಬಾಗಿಲು ತೆರೆದವರನ್ನೆಲ್ಲ
ಅದು ನೋಡುತ್ತಿತ್ತು.
ಜುಲೈಯಲ್ಲಿ ಕರೆಂಟು ಹೋದ ರಾತ್ರಿ
ನೇಪಾಳಿ ಹುಡುಗನೊಬ್ಬ ಅಂಗಡಿಗೆ ಓಡಿ
ಐಸು ತಂದು ಅದರ ಸುತ್ತ ಪೇರಿಸಿದನಂತೆ.
ಮೀನು ಹಾಳಾಯಿತು.

ಕೊನೆಯ ಕೋಷ್ಟಕದಲ್ಲಿ ನೂರಹತ್ತೊಂಬತ್ತು ಕಣ್ಣುಗಳಿವೆ.
ಕಪಾಟಿನಲ್ಲಿ ಆರನೆಯ ಕಡತ, ಹಸಿರು ಬಣ್ಣದ್ದು.
ಬಳಸಿದವರು: ಒಬ್ಬರು.

ಇವತ್ತು ಬಂದಿದ್ದ. ಎಡಗಣ್ಣು ಮುಚ್ಚಿಸಿದೆ.
ಗೋಡೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು.
ಹಲ್ಲು ಯಾವ ಕಡೆ?
"ಮುಗಿಲಿಗಿ," ಅಂದ. "ನೆಲಕ್ಕ.
ರಿಫೈನರಿ ಕಡಿ. ಸಮುದ್ರದ ಕಡಿ. ಮತ್ತ ಸಮುದ್ರದ ಕಡಿ."
ಕೊನೆಯ ಸಾಲು ಇರುವೆಯಷ್ಟು.
ಕತ್ತು ಚಾಚಿದ. ಚಾಚಬಾರದು ಎಂದೆ.
ಹಿಂದೆ ಸರಿದು, ತಡೆದು,
"ಇದು ನಮ್ಮ ಕ್ಯಾಂಪಿನ ಕಡಿ ನೋಡ್ರಿ," ಅಂದ.

ಕ್ಯಾಂಪು ಯಾವ ದಿಕ್ಕೆಂದು ನನಗೆ ತಿಳಿಯದು.
ಕೈ ಮಾಡಿ ತೋರಿಸಿ, ಎಂದೆ.