ನಿಂತ ನೀರಿನ ಸಾಲು

ಈ ಭಾಷೆಯ ಹೆಸರು ಆರ್.
ಹಳಗನ್ನಡದಲ್ಲಿ ಹಾಗೆಂದರೆ ‘ಯಾರು’,
ಅದು ಇದಕ್ಕೆ ಗೊತ್ತಿಲ್ಲ.
ಆದರೂ ಬೈತಖೋಲದ ಈ ಕಚೇರಿಯಲ್ಲಿ
ಅದೂ ನಾನೂ ಒಂದೇ ಪ್ರಶ್ನೆ ಕೇಳುತ್ತ ಕೂತಿದ್ದೇವೆ:
ಈ ಮೀನು ಯಾರ ಪಾಲಿನದು,
ಭರತದ್ದೋ, ಇಳಿತದ್ದೋ?

ಒಂದು ಕೋಷ್ಟಕದಲ್ಲಿ ಮೀನು,
ನಾಲ್ಕು ಲಕ್ಷ ಹನ್ನೆರಡು ಸಾವಿರ ಸಾಲು.
ಬಂಗಡೆ, ಹದಿನೆಂಟು ಸೆಂಟಿಮೀಟರು, ಬಲೆ ಎತ್ತಿದ್ದು ನಸುಕಿಗೆ.
ತಾರಲೆ, ಹದಿನಾಲ್ಕು.
ನೊಗಲಿ, ಅಳತೆ ಇಲ್ಲ; ಅಳೆಯುವ ಮೊದಲೇ ಕಾಗೆ ಒಯ್ದಿತ್ತು,
ಷರಾ ಕಲಮಿನಲ್ಲಿ ಹಾಗೇ ಬರೆದಿದೆ.

ಇನ್ನೊಂದರಲ್ಲಿ ನೀರು. ಹನ್ನೊಂದು ವರ್ಷದ ನೀರು,
ಹದಿನೈದೂವರೆ ಸಾವಿರ ತುಂಡು,
ಪ್ರತಿ ತುಂಡಿಗೂ ಒಂದು ‘ಇಂದ’, ಒಂದು ‘ವರೆಗೆ’.

ಮೊದಲ ರಾತ್ರಿ,
ಎಲ್ಲ ಮೀನನ್ನೂ ಎಲ್ಲ ನೀರಿಗೂ ಅದ್ದಿ ನೋಡು ಎಂದೆ.
ಆರುನೂರ ಮೂವತ್ತೆಂಟು ಕೋಟಿ ಜೋಡಿ.
ಕಂಪ್ಯೂಟರಿನ ಫ್ಯಾನು ಟ್ರಾಲರಿನಂತೆ ಕೂಗಿ ಕೂಗಿ
ಹತ್ತೂಕಾಲಿಗೆ ಸುಮ್ಮನಾಯಿತು.
ನೆನಪು ಸಾಲದು,
ಕೆಂಪಕ್ಷರದಲ್ಲಿ ಇಷ್ಟೇ.

ಮರುದಿನ ನೀರನ್ನು ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸಿದೆ.
ಇನ್ನು ಮೀನು ಎಲ್ಲ ಬಾಗಿಲೂ ತಟ್ಟಬೇಕಿಲ್ಲ.
ನಟ್ಟನಡುವಿನ ಮನೆಗೆ ಹೋಗಿ
ನಾನು ಈಚೆಯೋ ಆಚೆಯೋ ಎಂದು ಕೇಳಬೇಕು,
ಅರ್ಧ ಊರು ಬಿಟ್ಟುಬಿಡಬೇಕು,
ಉಳಿದರ್ಧದ ನಡುವಿಗೆ ನಡೆಯಬೇಕು.
ಹದಿನಾಲ್ಕು ಸಲ ಕೇಳುವಷ್ಟರಲ್ಲಿ ಮನೆ ಸಿಕ್ಕಿತು.
ನಾನು ಚಹಾಕ್ಕೆ ಸಕ್ಕರೆ ಕಲಕುವುದರೊಳಗೆ
ಅಷ್ಟೂ ಮೀನು ಮನೆ ಸೇರಿದ್ದವು.

ಸೇರಿದ್ದವು ಅಂದೆನಲ್ಲ, ಪೂರ್ತಿ ನಿಜವಲ್ಲ.
ಎಣಿಸಿದರೆ ಮೂವತ್ತೇಳು ಹೆಚ್ಚು.
ನೀರು ತಿರುಗುವ ನಿಮಿಷಕ್ಕೇ ಸರಿಯಾಗಿ ಸಿಕ್ಕಿದವು
ಎರಡೂ ಮನೆಯ ಪಡಿತರ ಚೀಟಿಯಲ್ಲಿ ಹೆಸರು ಬರೆಸಿಕೊಂಡಿದ್ದವು.
ಆಯಿತು: ‘ಇಂದ’ ಒಳಗೆ, ‘ವರೆಗೆ’ ಹೊರಗೆ.
ಕಾನೂನು ಮಾಡಿ ಮೂವತ್ತೇಳನ್ನೂ
ಒಂದೊಂದು ಮನೆಯಿಂದ ಹೊರಗೆ ಹಾಕಿದೆ.
ಬೇಜಾರಾಗಲಿಲ್ಲ.

ಬೇಜಾರಾದದ್ದು ಒಂಬತ್ತು ಬಂಗಡೆಗೆ.
ಒಂದೇ ದೋಣಿ, ಒಂದೇ ನಸುಕು, ನಾಲ್ಕೂ ನಲವತ್ತು.
ಅವುಗಳ ಎದುರಿಗೆ ಏನೂ ಇಲ್ಲ.
ಆ ದಿನ ಮಾಪಕದ ಬ್ಯಾಟರಿ ಹೋಗಿ
ನೀರಿನ ಪಟ್ಟಿಯಲ್ಲಿ ಮುಕ್ಕಾಲು ಗಂಟೆಯ ತೂತು.
ಬಲೆಯ ತೂತಿನಿಂದ ಮೀನು ಪಾರಾಗುವುದು ಗೊತ್ತಿತ್ತು.
ತೂತಿನಲ್ಲೇ ಸಿಕ್ಕಿಬೀಳುವುದನ್ನು
ಇದೇ ಮೊದಲು ಕಂಡದ್ದು.

“ಒಂಬತ್ತು ತಾನೇ, ಅಳಿಸಿಬಿಡು”
ಎಂದರು ಬಾಂದೇಕರ ಸರ್, ತಲೆ ಎತ್ತದೆ.

ಧಕ್ಕೆಗಿಳಿದೆ.
ದ್ರೌಪದಿ ತಾಂಡೇಲ ಬುಟ್ಟಿಗೆ ಐಸು ಹರಡುತ್ತಿದ್ದಳು;
ಆ ದೋಣಿ ಅವಳ ಮೈದುನನದು.
ತಾರೀಕು ಹೇಳಿದೆ. ತಾರೀಕು ಅವಳಿಗೆ ಬೇಡ.
“ತಿಥಿ ಯಾವ್ದೇ?”
ಮೊಬೈಲಿನಲ್ಲಿ ಹುಡುಕಿ ಅಷ್ಟಮಿ ಎಂದೆ.
ಐಸು ಅಂಟಿದ ಬೆರಳ ಗೆಣ್ಣು ಎಣಿಸಿದಳು,
ಹದಿನಾಲ್ಕೂ ಅಲ್ಲ, ಎಂಟೇ.
“ಹಂಗಾರೆ ನೀರು ನಿಂತಿತ್ತು.”
ಭರತವಾ, ಇಳಿತವಾ?
“ನಿಂತಿತ್ತು ಅಂದ್ನಲ್ಲ. ಅಷ್ಟಮಿ ನೀರು ಅದು,
ಅದಕ್ಕೆ ಬರೂಕೂ ಬೇಜಾರು, ಹೋಗೂಕೂ ಬೇಜಾರು.
ನಿಮ್ಮ ಪಟ್ಟೀಲಿ ಅದಕ್ಕೆ ಜಾಗ ಇಲ್ಲಾ?”

ಇರಲಿಲ್ಲ.
ಹನ್ನೊಂದು ವರ್ಷ, ಹದಿನೈದೂವರೆ ಸಾವಿರ ತುಂಡು,
ಎಲ್ಲವೂ ಎಲ್ಲಿಗೋ ಹೊರಟ ನೀರೇ.

ಸಂಜೆ ಕೋಡಿಬಾಗದಲ್ಲಿ ಒಂದು ಬಸ್ಸು ಬಿಟ್ಟೆ, ಇನ್ನೊಂದೂ ಬಿಟ್ಟೆ.
ಕಾಳಿಯ ಮೆಟ್ಟಿಲಲ್ಲಿ ಕೂತಿದ್ದೇನೆ.
ನೀರು ಕೆಳಗಿನಿಂದ ಮೂರನೆಯದಕ್ಕೆ.
ತೆಂಗಿನ ಸಿಪ್ಪೆಯೊಂದು ಅತ್ತಲೂ ಹೋಗದೆ ಇತ್ತಲೂ ಬಾರದೆ
ತನ್ನ ಸುತ್ತ ತಾನೇ ತಿರುಗುತ್ತಿದೆ.
ಅಂಗೈಯ ಮೇಲೆ ಪೆನ್ನಿನಿಂದ ಬರೆದುಕೊಂಡೆ:
ಆರೂ ಹನ್ನೆರಡರಿಂದ.

‘ವರೆಗೆ’ಗೆ ಕಾಯುತ್ತಿದ್ದೇನೆ.