ಲಾಡಿ, ಹುಕ್ಕು, ನಾಳೆ

ಗಾಜನೂರಿನ ಗೇಟು ತೆಗೆದಾರಂತೆ, ಹುಷಾರು ಎಂದು
ರಾತ್ರಿಯೆಲ್ಲ ಪಂಚಾಯ್ತಿ ಆಟೋ ಕೂಗಿಕೊಂಡು ತಿರುಗಿತು.
ಬೆಳಗಾಗುವಷ್ಟರಲ್ಲಿ ಹೊನ್ನಾಳಿಯ ಹೊಳೆ
ಘಾಟಿನ ಮೆಟ್ಟಿಲು ಎಣಿಸುವುದು ಬಿಟ್ಟು
ಮನೆಗಳನ್ನು ಎಣಿಸುತ್ತಿತ್ತು.

ನಾನು ದಿಬ್ಬದ ಓಣಿಯವಳು. ನಮ್ಮಲ್ಲಿಗೆ ನೀರು ಬರುವುದಿಲ್ಲ.
ಅದನ್ನು ಹೇಳಿಕೊಳ್ಳಲು ಆವತ್ತು
ಒಂಥರಾ ನಾಚಿಕೆ.

ಶಾಲೆಯ ನಾಲ್ಕು ಕೋಣೆಗೆ ಮೂವತ್ತೆರಡು ಒಲೆಗಳ ಜನ.
ಏಳನೇ ಇಯತ್ತೆಯ ಮೂಲೆಯಲ್ಲಿ ಬಾಣಂತಿ;
ತಲೆಯ ಮೇಲೆ ಕರಿಹಲಗೆ,
ಅರ್ಧ ಬಿಡಿಸಿದ ಭಿನ್ನರಾಶಿ.
ದಾವಣಗೆರೆಯ ಭಟ್ಟಿಯವರು ಮಂಡಕ್ಕಿ ಕಳಿಸಿದ್ದರು,
ಆಳೆತ್ತರದ ಚೀಲ ಹನ್ನೆರಡು.
'ಹಗುರ ಐತಿ ಅಂತ ಬೇಜಾರು ಮಾಡ್ಕಬ್ಯಾಡ್ರಿ' ಅಂದ ಡ್ರೈವರು,
ತಾನೇ ತಪ್ಪು ಮಾಡಿದವನ ಹಾಗೆ.

ಅದರ ಹಿಂದೆ ಬಟ್ಟೆಯ ಲಾರಿ.
ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಸೀರೆ,
ಮಡಿಕೆ ಬಿಚ್ಚದ ಸೀರೆ,
ಅಂಚಿನಲ್ಲಿ ಇನ್ನೂ ಅರಿಶಿನ ಹತ್ತಿದ ಸೀರೆ.
ಸೀರೆಗೇನು, ಉಟ್ಟವಳೇ ಒಡತಿ.
ರವಿಕೆ ಹಾಗಲ್ಲ.
ರವಿಕೆ ಒಬ್ಬಳನ್ನೇ ನೆನಪಿಟ್ಟುಕೊಳ್ಳುತ್ತದೆ.

ಗಂಗಮಾಳವ್ವ ಎರಡು ದಿನದಿಂದ
ಒದ್ದೆ ರವಿಕೆಯಲ್ಲೇ ಕೂತಿದ್ದಳು, ಹೊಸ ಸೀರೆ ತೊಡೆಯ ಮೇಲೆ.
ಯಾಕವ್ವಾ, ಅಂದೆ.
'ತೋಳು ಏರವಲ್ದು ತಾಯಿ. ಪ್ಯಾಟಿಯೋರ ತೋಳು ಸಣ್ಣ.'

ಮಧ್ಯಾಹ್ನ ನನ್ನ ಮಷೀನು ಕಳಚಿ
ದಸ್ತಗೀರ್ ಸಾಬರ ಬಾಳೆಹಣ್ಣಿನ ಗಾಡಿಗೆ ಹೇರಿದೆವು.
ಮಾರಾಟವಾಗದ ಎರಡು ಡಜನು ಕೆಳಗಿಳಿಸಲು ಜಾಗವಿರಲಿಲ್ಲ,
ಅವೂ ಬಂದವು.
ಕತ್ತರಿ, ನೂಲುಂಡೆ, ಹುಕ್ಕಿನ ಡಬ್ಬಿ, ಇದ್ದಿಲ ಇಸ್ತ್ರಿ.
ಮತ್ತೆ ಲಾಡಿ, ಒಂದು ದೊಡ್ಡ ಸುರುಳಿ.
ಬಂದ ಲಂಗಗಳಲ್ಲಿ ಒಂದಕ್ಕೂ ಲಾಡಿಯಿರಲಿಲ್ಲ.
ಕೊಟ್ಟವರನ್ನು ಬೈಯಲು ಬಾಯಿ ಬರಲಿಲ್ಲ:
ಹಳೇ ಲಂಗ ಯಾರಿಗಾದರೂ ಕೊಡುವಾಗ
ನಾನೂ ಲಾಡಿ ಎಳೆದಿಟ್ಟುಕೊಳ್ಳುವವಳೇ.

ಕರೆಂಟಿರಲಿಲ್ಲ. ನನ್ನ ಮಷೀನಿಗೆ ಕಾಲೇ ಕರೆಂಟು.
ಇಬ್ಬರು ಹುಡುಗಿಯರು ಒಂದು ಸೀರೆ ಹಿಡಿದು ನಿಂತರು,
ಅದೇ ಬಾಗಿಲು, ಅದೇ ಗೋಡೆ.
ಅಳತೆಗೆ ಕೈಯೆತ್ತಿದ ಹೆಂಗಸರ ಮೈಯಲ್ಲಿ
ಹೊಳೆಯ ವಾಸನೆ, ಸೀಮೆಎಣ್ಣೆಯ ವಾಸನೆ.
ಟೇಪಿನ ತುದಿ ಸವೆದು ಮೊದಲ ನಾಲ್ಕಂಕಿ ಕಾಣುವುದಿಲ್ಲ;
ಯಾರ ಮೈಯೂ ಅಲ್ಲಿಗೆ ನಿಲ್ಲುವುದಿಲ್ಲವಲ್ಲ.

ಕರಿಬಸಮ್ಮ ಸೊಂಟದ ಗಂಟು ಬಿಚ್ಚಿ
ಹತ್ತು ರೂಪಾಯಿ ಮುಂದಿಟ್ಟಳು, ತೊಯ್ದು ಮುದ್ದೆಯಾದದ್ದು.
ಬೇಡ ಅನ್ನಲಿಲ್ಲ ನಾನು.
ಅಂದಿದ್ದರೆ ಆ ರವಿಕೆ ಅವಳಿಗೆ ಹತ್ತುತ್ತಿರಲಿಲ್ಲ.
ಇಸ್ತ್ರಿಯ ಕೆಳಗಿಟ್ಟು ನೋಟು ಒಣಗಿಸಿದೆ,
ಅವಳು ನೋಡುತ್ತಿದ್ದಳು.

ಆಮೇಲೆ ದುರುಗಮ್ಮ ಬಂದಳು.
ನಾನು ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸಿದೆ,
ಪೋಣಿಸಿದ್ದನ್ನು ತೆಗೆದು ಮತ್ತೆ ಪೋಣಿಸಿದೆ.
ಯುಗಾದಿಗೆ ಅಂತ ಕೊಟ್ಟಿದ್ದಳು, ತಾಯಿ ಕೊಟ್ಟ ಗುಳೇದಗುಡ್ಡದ ಖಣ.
ಯುಗಾದಿ ಹೋಗಿ ನಾಗರಪಂಚಮಿ ಹತ್ತಿರ ಬಂದಿತ್ತು.
ಪ್ರತಿ ಸೋಮವಾರ ಸಂತೆಯಿಂದ ಬರುತ್ತ ಕೇಳುವಳು,
ಪ್ರತಿ ಸೋಮವಾರ ನಾನು 'ನಾಳೆ' ಅನ್ನುವೆ.

ಅವಳೇನೂ ಕೇಳಲಿಲ್ಲ ಈಗ.
ಟ್ರಂಕು, ಅದರೊಳಗಿನ ಎಲ್ಲ, ಹೊಳೆಗೆ ಎಂದಳು.
ಎದ್ದು ಮನೆಗೆ ಓಡಿದೆ.
ಕಪಾಟಿನ ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದಂತೆಯೇ ಇತ್ತು ಖಣ,
ಕತ್ತರಿ ಕಾಣದೆ, ನೀರೂ ಕಾಣದೆ.
ಅವಳ ಮನೆಯ ಒಣ ಬಟ್ಟೆ ಭೂಮಿಯ ಮೇಲೆ ಅದೊಂದೇ.
ನಾಲ್ಕು ತಿಂಗಳ ನನ್ನ ಸುಳ್ಳು ಅದನ್ನು ಬೆಚ್ಚಗಿಟ್ಟಿತ್ತು.
ಖುಷಿಪಡಲೋ ಬೇಡವೋ ತಿಳಿಯಲಿಲ್ಲ.

ಅಲ್ಲೇ, ಅವಳ ಎದುರೇ, ಕತ್ತರಿಸಿ ಹೊಲಿದೆ.
ತೊಟ್ಟಳು. ಕಂಕುಳಲ್ಲಿ ತುಸು ಬಿಗಿ.
'ಬಿಚ್ಚಿ ಕೊಡು, ನಾಳೆ ಸರಿ ಮಾಡ್ತೀನಿ.'

'ನಿನ್ನ ನಾಳೆ ನನಗೆ ಗೊತ್ತೈತಿ ಬಿಡವಾ'
ಅಂದಳು ದುರುಗಮ್ಮ.
ಪರದೆ ಹಿಡಿದ ಹುಡುಗಿಯರು ನಕ್ಕು
ಸೀರೆ ಅತ್ತಿತ್ತ ಅಲ್ಲಾಡಿತು.
ಬಿಚ್ಚಲಿಲ್ಲ ಅವಳು.